ಭಾವಮೈದುನನ ಅರ್ಧ ಪಾಸ್‌ವರ್ಡ್

"ಯಾರೂ ಮುಟ್ಬ್ಯಾಡಿ," ಎಂದು ಕೂಗಿದ ದೊರೆಸ್ವಾಮಿ ಗೋಡೆಯ ಪ್ಲಗ್ಗನ್ನು ಕಿತ್ತೇಬಿಟ್ಟ. ಗುಂಡ್ಲುಪೇಟೆಯ ಅವನ ಫೋಟೊ ಸ್ಟುಡಿಯೊದಲ್ಲಿ ಆಗ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಕಂಪ್ಯೂಟರಿನ ಪರದೆ ಕಪ್ಪಾಯಿತು. ಅದಕ್ಕೂ ಮುಂಚೆ ಅಲ್ಲಿ ಕೆಂಪು ಬಣ್ಣದ ಮೇಲೆ ದುಂಡನೆಯ ಬಿಳಿ ಅಕ್ಷರಗಳಿದ್ದವು: 'ನಿಮ್ಮ ಫೋಟೊಗಳಿಗೆಲ್ಲ ಬೀಗ ಬಿದ್ದಿದೆ. ಬೀಗದ ಕೈ ನಮ್ಮ ಹತ್ತಿರ ಇದೆ.'

ಕಳ್ಳನಾದರೂ ಎಷ್ಟು ಅಂದವಾಗಿ ಕನ್ನಡ ಬರೆದಿದ್ದಾನೆ ಎಂದು ಅವನಿಗೆ ಒಂದು ಗಳಿಗೆ ಗೌರವವೇ ಹುಟ್ಟಿತು. ಆಮೇಲೆ ಬೀಗ ಬಿದ್ದದ್ದು ಯಾವುದಕ್ಕೆ ಎಂಬುದು ಹೊಳೆಯಿತು.

ದೊರೆಸ್ವಾಮಿ ಅಂತಿಂಥ ಫೋಟೊಗ್ರಾಫರ್ ಅಲ್ಲ. ಚಾಮರಾಜನಗರದಲ್ಲಿ ನಡೆದ ಸೈಬರ್ ಸುರಕ್ಷತಾ ಶಿಬಿರಕ್ಕೆ ಹೋಗಿಬಂದವನು. ಊಟದ ನಂತರದ ಪಾಠಕ್ಕೆ ನಿದ್ದೆ ಹತ್ತಿತ್ತು, ನಿಜ. ಊಟಕ್ಕೆ ಮುಂಚಿನದು ಮಾತ್ರ ಪೂರ್ತಿ ನೆನಪಿತ್ತು. ವೈರಸ್ ಕಂಡರೆ ತಂತಿ ಕೀಳಬೇಕು. ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇಡಬೇಕು. ಪಾಸ್‌ವರ್ಡನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು. ಅಲ್ಲಿಂದ ಬಂದವನೇ ಪೇಟೆಯ ಅಂಗಡಿ ಅಂಗಡಿಗೂ ನುಗ್ಗಿ, ಮನೆದೇವರು ಮಾದಪ್ಪನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದವರಿಗೆಲ್ಲ ಬುದ್ಧಿ ಹೇಳಿದ್ದ. ಕೇಳಿದವರು ತಲೆಯಾಡಿಸಿ, ಅವನು ಅತ್ತ ಹೋದಮೇಲೆ ಮಾದಪ್ಪನನ್ನೇ ನಂಬಿಕೊಂಡಿದ್ದರು.

ತನ್ನ ಪಾಸ್‌ವರ್ಡನ್ನು ಮಾತ್ರ ಅವನು ಮೊಳದುದ್ದ ಮಾಡಿಕೊಂಡ. ಮರೆತುಹೋದೀತೆಂದು ಪ್ರತಿ ಬೆಳಿಗ್ಗೆ ಮಗ್ಗಿ ಒಪ್ಪಿಸುವ ಹಾಗೆ ಬಾಯಿಬಿಟ್ಟು ಹೇಳಿಕೊಂಡೇ ಒತ್ತುತ್ತಿದ್ದ. ಆಲ್ಬಮ್ಮಿನ ಮೇಲೆ ವಧೂವರರ ಹೆಸರು ಜೋಡಿಸುವುದು ಹೆಂಡತಿ ಚಾಮುಂಡಿಯ ಕೆಲಸ. ಅವಳಿಗೂ ಗುಟ್ಟು ಬಿಡದೆ, ತಾನೇ ಕಂಪ್ಯೂಟರ್ ತೆರೆದು ಕುರ್ಚಿ ಬಿಟ್ಟುಕೊಡುತ್ತಿದ್ದ.

ಬ್ಯಾಕಪ್ ಡಿಸ್ಕ್ ಬೀರುವಿನಲ್ಲಿ ಭದ್ರವಾಗಿತ್ತು. ಅದರ ಪಾಸ್‌ವರ್ಡಿನದೇ ತಕರಾರು. ಮೊದಲರ್ಧ ಮಾತ್ರ ಅವನಿಗೆ ಗೊತ್ತು. ಉಳಿದರ್ಧ ಗೊತ್ತಿದ್ದವನು ಆಗ ಪಾಲುದಾರನಾಗಿದ್ದ ನಿಂಗರಾಜು, ಚಾಮುಂಡಿಯ ತಮ್ಮ. ಕಳ್ಳ ಇಬ್ಬರಲ್ಲಿ ಒಬ್ಬನನ್ನು ಹಿಡಿದರೂ ಅರ್ಧವೇ ಸಿಗಲಿ ಎಂದು ದೊರೆಸ್ವಾಮಿಯೇ ಹೂಡಿದ ಉಪಾಯ ಅದು. ಕಳ್ಳರ ಬಗ್ಗೆ ಅಷ್ಟು ಯೋಚಿಸಿದವನು ಭಾವಮೈದುನರ ಬಗ್ಗೆ ಯೋಚಿಸಿರಲಿಲ್ಲ. ಒಂದು ಮದುವೆಯಲ್ಲಿ ನಿಂಗರಾಜು ಡ್ರೋನನ್ನು ಹುಣಸೆಮರಕ್ಕೆ ಸಿಕ್ಕಿಸಿದ. ಬೀಗರ ಎದುರಿಗೇ ದೊರೆಸ್ವಾಮಿ, "ದನ ಕಾಯಕ್ಕೆ ಓಗು" ಎಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಗೌರಿ ಹಬ್ಬಕ್ಕೆ ನಿಂಗರಾಜು ಅಕ್ಕನಿಗೆ ತಂದ ಬಾಗಿನವನ್ನೂ ದೊರೆಸ್ವಾಮಿ ಹೊಸ್ತಿಲಿಂದಲೇ ಹಿಂದಕ್ಕೆ ಕಳಿಸಿದ್ದ. ತಮ್ಮ ಬೀದಿಯ ತಿರುವು ದಾಟುವವರೆಗೂ ಚಾಮುಂಡಿ ಹೊಸ್ತಿಲಲ್ಲೇ ನಿಂತು ನೋಡಿದ್ದಳು.

ಈಗ ಉಡಿಗಾಲದ ಮಾನಸಳ ಮದುವೆಯ ಫೋಟೊಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು; ನಿಂಗರಾಜು ಜೊತೆಗಿದ್ದಾಗಲೇ ತೆಗೆದವಾದ್ದರಿಂದ ಅವುಗಳ ಪ್ರತಿ ಡಿಸ್ಕಿನಲ್ಲೂ ಇತ್ತು. ಮದುವೆಯಾದ ಕೆಲವೇ ದಿನಕ್ಕೆ ಅವಳ ಅಜ್ಜಿ ಚಿಕ್ಕನಿಂಗಮ್ಮ ತೀರಿಕೊಂಡಿದ್ದರು. ಮೊಮ್ಮಗಳ ಬಾಯಿಗೆ ಬೆಲ್ಲ ಇಡುತ್ತ ಅಜ್ಜಿ ನಕ್ಕ ಫೋಟೊ ಅದರಲ್ಲೊಂದು. ನಾಳೆ ವರ್ಷದ ತಿಥಿ. ಆ ಫೋಟೊಗೆ ಕಟ್ಟು ಹಾಕಿಸಿಕೊಂಡು ಒಯ್ಯಲು ಸಂಜೆ ಮಾನಸ ಬರುತ್ತಾಳೆ. ನಿನ್ನ ಅಜ್ಜಿಯ ಮುಖವನ್ನು ಕಳ್ಳರು ಒಯ್ದರು ಎಂದು ಆ ಹುಡುಗಿಗೆ ಹೇಳುವುದು ಹೇಗೆ? ದೊರೆಸ್ವಾಮಿಗೆ ಅಳುವೇ ಬಂತು.

ಸ್ಟುಡಿಯೊದ ಹಿಂದೆಯೇ ಮನೆ. ಚಾಮುಂಡಿ ಅವರೆಕಾಯಿ ಸುಲಿಯುತ್ತಿದ್ದಳು. ಬುಟ್ಟಿ ತುಂಬ ಇತ್ತು.

"ಚಾಮರಾಜನಗರಕ್ಕೋಗಿ ಯಾರಾದ್ರೂ ತಿಳಿದೋರ್ನ ಕರ್ಕಂಬತ್ತೀನಿ," ಎಂದ.

"ಅಷ್ಟು ದೂರ ಯಾಕೆ? ನನ್ ತಮ್ಮನ ಬೇಗೂರು ಹತ್ರ ಅಲ್ವಾ?" ಎಂದಳು ಅವಳು, ಕೈ ನಿಲ್ಲಿಸದೆ.

"ಅವನ್ ಬಾಗ್ಲಿಗೆ ನಾನೋಗ್ಬೇಕಾ?"

"ಆ ಅಜ್ಜಿ ಮೊಕ ನೆನಸ್ಕಂಡು ಓಗಿ. ಬಸ್ಸು ಬರೋ ಹೊತ್ತಾಯ್ತು."

ಪಾಪ, ವೈರಸ್ ಅಂದರೆ ಏನು ಅಂತ ಇವಳಿಗೇನು ಗೊತ್ತು, ಎಷ್ಟು ನೆಮ್ಮದಿಯಾಗಿ ಕೂತಿದ್ದಾಳೆ ಎಂದುಕೊಂಡು ದೊರೆಸ್ವಾಮಿ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಒಂದು ಗಂಭೀರವಾದ ಭಾಷಣ ಕಟ್ಟಿದ. ಸೈಬರ್ ಯುದ್ಧದಲ್ಲಿ ಹಳೆಯ ವೈಮನಸ್ಸು ಮರೆಯುವ ದೊಡ್ಡತನದ ಭಾಷಣ. ಬೇಗೂರಿನಲ್ಲಿ ನಿಂಗರಾಜುವಿನ ಜೆರಾಕ್ಸ್ ಅಂಗಡಿಯ ಮುಂದೆ ನಿಂತಾಗ ಅದರ ಒಂದು ಪದವೂ ನೆನಪಾಗಲಿಲ್ಲ.

"ತಪ್ಪಾಗೋಯ್ತು ಕಣ್ಲಾ," ಎಂದ. "ಅವತ್ತು ಜನದ ಮುಂದೆ ಅಂಗಂದ್ಬುಟ್ಟೆ. ನಿಮ್ಮಕ್ಕನ ಬಾಗಿನಾನೂ ವಾಪಸ್ ಕಳಿಸ್ಬುಟ್ಟೆ. ಈಗ ಕೆಟ್ಟೆ, ನೀನೇ ದಿಕ್ಕು."

ಪೂರ್ತಿ ವಿಷಯ ಕೇಳಿದ ನಿಂಗರಾಜು ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಅಂಗಡಿಯ ಬಾಗಿಲೆಳೆದ. "ನಡಿ ಭಾವ, ಹೋಗನ," ಎಂದ. ಅಷ್ಟೇ.

ಸ್ಟುಡಿಯೊಗೆ ಬಂದು ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದರು. ದೊರೆಸ್ವಾಮಿ ತನ್ನ ಅರ್ಧವನ್ನು ಹೇಳಿಕೊಂಡು ಒತ್ತಿದ. ನಿಂಗರಾಜು ತನ್ನ ಅರ್ಧವನ್ನು ಸುಮ್ಮನೆ ಒತ್ತಿದ. ಡಿಸ್ಕ್ ತೆರೆಯಿತು. ಬೆಲ್ಲ ಹಿಡಿದ ಚಿಕ್ಕನಿಂಗಮ್ಮ ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದರು. ದೊರೆಸ್ವಾಮಿ ಭಾವಮೈದುನನ ಭುಜ ಹಿಡಿದು ಅತ್ತೇಬಿಟ್ಟ, ನಾಚಿಕೆಯನ್ನೂ ಬಿಟ್ಟು.

"ಆ ವೈರಸ್ ಎಂತದು, ನಾನೂ ನೋಡ್ತೀನಿ," ಎಂದು ನಿಂಗರಾಜು ಹಳೆಯ ಕಂಪ್ಯೂಟರಿನ ಪ್ಲಗ್ ಹಾಕಿಸಿದ. ಕೆಂಪು ಪರದೆ ಬಂತು. ದೊರೆಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದ. ನಿಂಗರಾಜು ಮೌಸಿನಿಂದ ಅಲ್ಲೊಂದು ಇಲ್ಲೊಂದು ಒತ್ತಿದ. ಮದುವೆಯ ಫೋಲ್ಡರುಗಳೆಲ್ಲ ಒಂದೊಂದಾಗಿ ಎದ್ದು ಬಂದವು.

"ಏನೂ ಹೋಗಿಲ್ಲ ಭಾವ. ಫೋಲ್ಡರ್ ಮರೆ ಮಾಡಿ ಮೇಲೊಂದು ಪಟ ಹಾಕವ್ರೆ, ಅಷ್ಟೇ. ನೀನು ತಂತಿ ಕೀಳ್ದೆ ಒಂದ್ಸಲ ಒತ್ತಿ ನೋಡಿದ್ರೆ ಗೊತ್ತಾಗೋದು."

"ಅದೆಂಗ್ಲಾ ಆಯ್ತದೆ?" ದೊರೆಸ್ವಾಮಿಗೆ ಅಷ್ಟರಲ್ಲಿ ಗತ್ತು ಮರಳಿತ್ತು. "ನನ್ ಪಾಸ್‌ವರ್ಡ್ ದಾಟ್ಕಂಡು ಒಳಿಕ್ಕೆ ಬಂದವ್ನೆ ಅಂದ್ರೆ ಆ ಕಳ್ಳ ಸಾಮಾನ್ಯದವನಲ್ಲ."

"ಕಳ್ಳ ಅಲ್ಲ ಕಣ್ರಿ, ಕಳ್ಳಿ," ಎಂದಳು ಒಳಬಾಗಿಲಲ್ಲಿ ನಿಂತಿದ್ದ ಚಾಮುಂಡಿ, "ನನ್ ತಮ್ಮ ಉಣ್ಣದೆ ಈ ಮನೆಯಿಂದ ಹೊರಟರೆ, ಈ ಸಲ ದಿಟವಾಗ್ಲೂ ಬೀಗ ಹಾಕ್ಬುಡ್ತೀನಿ."