ಜಯದೇವಪ್ಪನ ರುಮಾಲು

ಚೆಂಡು ತಲೆಯ ಮಟ್ಟಕ್ಕೆ ಬಂತು. ಗೋಲಿನ ಬಾಯಲ್ಲಿ ನಿಂತಿದ್ದ ಜಯದೇವಪ್ಪ ತಲೆ ತಗ್ಗಿಸಿಬಿಟ್ಟ. ಅವನ ಬಿಳಿ ರುಮಾಲಿನ ಮೇಲೆ ಹಾದ ಚೆಂಡು ಬಲೆಗೆ ಬಿತ್ತು. ತರೀಕೆರೆಯ ಮೈದಾನ ಹೋ ಎಂದು ನಕ್ಕಿತು.

"ನಮಸ್ಕಾರ ಮಾಡ್ದ ಕಣ್ರೋ! ಚೆಂಡಿಗೆ ನಮಸ್ಕಾರ ಮಾಡ್ದ!"

ರೈಲ್ವೆ ತಂಡದ ನಾಯಕರಾದ ಗಾರ್ಡ್ ಸಾಹೇಬರು ಹಾಕಿ ಕೋಲು ಬೀಸುತ್ತಾ ಬಂದರು. "ಜಯದೇವ್! ಇನ್ನೊಂದು ಸಲ ತಲೆ ಬಗ್ಗಿಸಿದ್ರೆ ನಾಳೆಯಿಂದ ಸ್ಟೇಷನ್ ಕಡೆ ಮುಖ ಹಾಕ್ಬೇಡ. ಊರಿಗೆ ಹೋಗಿ ಎಮ್ಮೆ ಕಾಯಿ!" ಅವರು ಬರಿಮಾತಿಗೆ ಹೇಳುವವರಲ್ಲ. ಜಯದೇವಪ್ಪನ ಹುದ್ದೆಯ ಹೆಸರು ಪಾಯಿಂಟ್ಸ್‌ಮನ್, ಆದರೆ ರೈಲಿನವರು ಅವನನ್ನು ಸೇರಿಸಿಕೊಂಡದ್ದು ಗೋಲು ಕಾಯುವುದಕ್ಕೆ. ಹಳಿ ಬದಲಿಸಲು ಬೇರೆಯವರಿದ್ದರು.

ಗೆರೆಯಾಚೆ ಹುಲ್ಲಿನ ಮೇಲೆ ಕೂತಿದ್ದ ಅವನ ಅಪ್ಪ ತೀರ್ಥಪ್ಪನಿಗೆ ಗೋಲು, ನಗು ಯಾವುದೂ ತಲೆಗೆ ಹೋಗಲಿಲ್ಲ. "ನಿನ್ನ ಮಗ ಚೆಂಡನ್ನ ಎದೇಲಿ ತಡೀತಾನಂತೆ" ಎಂದು ಅಜ್ಜಂಪುರದ ಸಂತೆಯಲ್ಲಿ ಯಾರೋ ಅಂದದ್ದಕ್ಕೆ ಬೆಳಗಿನ ರೈಲು ಹತ್ತಿ ಬಂದಿದ್ದ. ಎದೆಯೆಂದರೆ ಇಷ್ಟಲಿಂಗದ ಜಾಗ. ಕೆರೆಯಲ್ಲಿ ಈಜುವಾಗ ಲಿಂಗ ಕಳೆದುಕೊಂಡ ದೊಡ್ಡಪ್ಪ ಅನ್ನನೀರು ಬಿಟ್ಟು ಪ್ರಾಣ ಕಳೆದುಕೊಂಡದ್ದನ್ನು ತೀರ್ಥಪ್ಪ ಕಣ್ಣಾರೆ ಕಂಡಿದ್ದ. ಅದೇ ಬುಕ್ಕಾಂಬುಧಿ ಕೆರೆಯಲ್ಲಿ ಹುಡುಗ ಜಯದೇವ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು ಈಜಿದಾಗ, ದಡಕ್ಕೆ ಕರೆದು ಕೆನ್ನೆಗೆ ಬಾರಿಸಿದ್ದ. ಲಿಂಗ ಬೆನ್ನ ಹಿಂದೆ ಇರಬಾರದು. ಇನ್ನು ಒಡೆದರೆ? ಅದನ್ನು ಯೋಚಿಸಲೂ ಅವನಿಂದ ಆಗಲಿಲ್ಲ.

"ಇವನು ಹಿಂಗೆ ಹೆದ್ರೋನಲ್ಲ ಭಾವ," ಎಂದ ಪಕ್ಕದಲ್ಲಿದ್ದ ಈರಣ್ಣ. ಅವನು ತೀರ್ಥಪ್ಪನ ಹೆಂಡತಿಯ ತಮ್ಮ, ತರೀಕೆರೆಯಲ್ಲೇ ಅಂಗಡಿಯಿಟ್ಟವನು. "ಮೊದ್ಲು ಬರಿತಲೇಲಿ ನಿಲ್ತಿದ್ದ. ಚೆಂಡು ಮುಖಕ್ಕೆ ಬಂದ್ರೂ ರೆಪ್ಪೆ ಬಡೀತಿರ್ಲಿಲ್ಲ. ಹೋದ ತಿಂಗ್ಳಿಂದ ನೋಡಿ, ಮದುವಣಿಗನಂಗೆ ರುಮಾಲು ಸುತ್ಕೊಂಡು..."

ಅವನ ಮಾತು ಮುಗಿಯಲಿಲ್ಲ. ಎದುರಾಳಿ ಕಾಫಿತೋಟದ ದೊರೆಗಳ ತಂಡದ ಕೆಂಪು ಮೀಸೆಯವನು ಬೀಸಿ ಹೊಡೆದ. ಜಯದೇವಪ್ಪ ಈ ಸಲ ಬಗ್ಗಲಿಲ್ಲ, ಎದೆಯೊಡ್ಡಿದ. ದಪ್ಪನೆ ಸದ್ದಾಯಿತು. ಚೆಂಡು ಆಚೆ ಸಿಡಿಯಿತು, ಅವನು ಮೊಣಕಾಲೂರಿ ಮುಂದಕ್ಕೆ ಕುಸಿದ.

ತೀರ್ಥಪ್ಪ ಗೆರೆ ದಾಟಿ ಓಡಿದ. "ಮುದುಕಪ್ಪಾ, ಒಳಗೆ ಬರಬಾರದು!" ಎಂದು ಗಾರ್ಡ್ ಸಾಹೇಬರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಮಗನನ್ನು ಎತ್ತಿ ಕೂರಿಸಿ, ಲಿಂಗದ ಮೇಲೆ ಬೇರೆಯವರ ಕಣ್ಣು ಬೀಳದಂತೆ ತನ್ನ ಹೆಗಲ ವಲ್ಲಿಯನ್ನು ಅಡ್ಡ ಹೊದಿಸಿ, ಅಂಗಿಯ ಗುಂಡಿ ಕಿತ್ತ. ಎದೆಯ ಮೇಲೆ ಚೆಂಡಿನ ಕೆಂಪು ಬಾಸುಂಡೆ. ಕರಡಿಗೆ ಇರಲಿಲ್ಲ. ಅದನ್ನು ಕಟ್ಟುವ ಶಿವದಾರವೇ ಇರಲಿಲ್ಲ.

"ಎಲ್ಲೋ? ಲೇ, ಎಲ್ಲಿ ಬಿಟ್ಟೆಯೋ? ಈ ಕೂಲಿಗೋಸ್ಕರ ತೆಗೆದಿಟ್ಟು ಬಂದೆಯೇನೋ?"

ಜಯದೇವಪ್ಪನಿಗೆ ಉಸಿರು ಸಿಕ್ಕಿರಲಿಲ್ಲ. ಅಪ್ಪನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡ. ರುಮಾಲಿನ ಮಡಿಕೆಯ ನಡುವೆ ತೀರ್ಥಪ್ಪನ ಬೆರಳಿಗೆ ಗುಂಡಗೆ, ಗಟ್ಟಿಯಾಗಿ, ಬೆಚ್ಚಗೆ ಬೆಳ್ಳಿ ತಾಗಿತು.

"ಹೋದ ತಿಂಗ್ಳು ಎದೇಲಿದ್ದಾಗ ಚೆಂಡು ತಾಗಿ ಕರಡಿಗೆ ತಗ್ಗು ಬಿತ್ತು ಅಪ್ಪಯ್ಯ. ಒಳಗೇನೂ ಆಗ್ಲಿಲ್ಲ. ಎದೆ ಬಿಟ್ರೆ ತಲೆಗೆ ಕಟ್ಕೋಬಹುದು ಅಂತ ನೀನೇ ಹೇಳಿದ್ದೆಯಲ್ಲ. ಆವತ್ತಿಂದ ತಲೇಲೇ."

"ಅದಕ್ಕೇ ಬಗ್ಗಿದೆಯಾ?"

"ತಲೆ ನನ್ನದಾಗಿದ್ರೆ ಬಗ್ತಿರ್ಲಿಲ್ಲ."

ತೀರ್ಥಪ್ಪ ದಬಕ್ಕನೆ ನೆಲಕ್ಕೆ ಕೂತ. ಮೈದಾನದ ಮಧ್ಯೆ, ಅಷ್ಟು ಜನರೆದುರು, ಅವನಿಗೆ ತಡೆಯಲಾರದ ನಗು ಬಂತು. ಕಣ್ಣಲ್ಲಿ ನೀರೂ ಬಂತು.

"ಏನಾಯ್ತು? ಆಡ್ತಾನೋ ಇಲ್ವೋ?" ಗಾರ್ಡ್ ಸಾಹೇಬರು ತಲೆಯ ಮೇಲೆ ನಿಂತಿದ್ದರು. "ನಂಗೆ ಬಗ್ಗೋ ಗೋಲ್‌ಕೀಪರ್ ಬೇಡ."

"ಆಡ್ತಾನೆ ಸ್ವಾಮಿ. ಬಗ್ಗೋದಿಲ್ಲ. ಒಂದ್ ಗಳಿಗೆ ನಿಲ್ಲಿ."

ವಲ್ಲಿಯ ಮರೆಯಲ್ಲೇ ತೀರ್ಥಪ್ಪ ಮಗನ ರುಮಾಲು ಬಿಚ್ಚಿದ. ಕರಡಿಗೆ ತೆಗೆದು ಕಣ್ಣಿಗೊತ್ತಿಕೊಂಡ. ಮಗನ ಅಂಗಿಯೊಳಗೆ ಕೈಹಾಕಿ, ಕರಡಿಗೆಯ ಶಿವದಾರವನ್ನು ಕಂಕುಳ ಕೆಳಗಿಂದ ತಂದು, ಎರಡು ಹೆಗಲ ನಡುವೆ ಬಿಗಿಯಾಗಿ ಕಟ್ಟಿದ.

ಜಯದೇವಪ್ಪ ನಂಬಲಾರದೆ ತಿರುಗಿದ. "ಅಪ್ಪಯ್ಯ, ಬೆನ್ನಿಗಾ?"

"ಸುಮ್ನಿರೋ. ಆವತ್ತು ಹೊಡೆದದ್ದು ಕೆರೆಯ ಹೆದರಿಕೆಗೆ. ಇವತ್ತು ನೀನು ಎದೆ ಕೊಟ್ಟದ್ದು ನೋಡ್ದೆನಲ್ಲ." ಗಂಟನ್ನು ಮತ್ತೊಮ್ಮೆ ಎಳೆದು ನೋಡಿದ. "ಬೀಳೋದಾದ್ರೆ ಮುಂದಕ್ಕೆ ಬೀಳು."

ಆಟ ಮತ್ತೆ ಶುರುವಾಯಿತು. ತೀರ್ಥಪ್ಪ ಗೆರೆಯ ಬಳಿಗೆ ವಾಪಸ್ಸು ಹೋಗಲಿಲ್ಲ. ಗೋಲಿನ ಹಿಂದೆ ಹೋಗಿ, ಬಲೆಗೆ ಮೂಗು ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತ. ಬೆವರಿಗೆ ಮಗನ ಅಂಗಿ ಮೈಗಂಟಿತ್ತು.

ಮೈದಾನ ಒಮ್ಮೆಲೇ ಎದ್ದು ಕುಣಿಯಿತು. ಈರಣ್ಣ ಏದುತ್ತಾ ಓಡಿಬಂದ. "ನೋಡಿದ್ರಾ ಭಾವ! ಕೆಂಪು ಮೀಸೆ ದೊರೆ ಹೊಡೆದದ್ದು ನೆಟ್ಟಗೆ ಹಣೆಗೇ ಬಂತು! ಅಲ್ಲಾಡ್ಲಿಲ್ಲ ನೋಡಿ, ಕೈಯಲ್ಲಿ ತಟ್ಟಿ ಬಿಸಾಕ್ಬಿಟ್ಟ! ನೋಡಿದ್ರಾ?"

"ಇಲ್ಲ ಕಣೋ," ಎಂದ ತೀರ್ಥಪ್ಪ, ಕಣ್ಣು ಕೀಳದೆ. ಬಲೆಯಾಚೆ, ಮಗನ ಬೆನ್ನ ಒದ್ದೆ ಅಂಗಿಯಡಿ, ನಿಂಬೆಹಣ್ಣಿನಷ್ಟು ಉಬ್ಬು ಕಟ್ಟಿದಲ್ಲೇ ಇತ್ತು.