ಗಂಟೆಯ ನಾಲಿಗೆ

“ಮಂಚದಿಂದ ಬಿದ್ದು, ನೆಲದ ಮೇಲಿಂದಾನೇ ಬಾರಿಸ್ದೆ ಕಣೇ, ಕೈ ಸೋತು ಹೋಗೋವರೆಗೂ! ಪಕ್ಕದ ರೂಮಲ್ಲೇ ಇದ್ದು ಇವಳು ಬರ್ಲಿಲ್ಲ,” ಎಂದು ತಾಯಿ ಕೈಗಂಟೆಯನ್ನು ಮಗಳ ಮೂಗಿನ ಮುಂದೆ ಅಲ್ಲಾಡಿಸಿದಳು. ಹಣೆಯ ಬಾವು ಇನ್ನೂ ಇಳಿದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಾ ಗಂಟಲೇರಿಸಿ, “ನಂಗೆ ಕೇಳಿಸ್ಲೇ ಇಲ್ಲ ಅಮ್ಮಾವ್ರೇ,” ಎಂದಳು.

“ಕಿವುಡು ನಂಗೋ ನಿಂಗೋ?”

ಮಗಳು ತಾಯಿಯ ಕಿವಿಯ ಹತ್ತಿರ ಬಗ್ಗಿ, “ಬಿಡಮ್ಮ, ನಾನು ಅವಳಿಗೆ ಸರಿಯಾಗಿ ಹೇಳ್ತೀನಿ,” ಎಂದು ಕೂಗಿ, ಗಂಟೆ ಕಸಿದುಕೊಳ್ಳಲು ಕೈ ಹಾಕಿದಳು. ತಾಯಿ ಬಿಡಲಿಲ್ಲ. ಎಳೆದಾಟದಲ್ಲಿ ತಾಯಿಯ ಬೆರಳು ಗಂಟೆಯೊಳಗೆ ಹೋಯಿತು. ನಾಲಿಗೆಗೆ ಮೆತ್ತಗೆ ಬಟ್ಟೆ ಸುತ್ತಿ, ಮೇಲೆ ದಾರ ಬಿಗಿಯಲಾಗಿತ್ತು.

ಬೆರಳು ದಾರದ ಗಂಟಿನ ಮೇಲೆ ನಿಂತಿತು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೇ ಅಡಗಿಸಿ ಎಳೆದ ಗಂಟು. ಹೊಲಿಗೆ ಮೆಷಿನ್ನಿನ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ಅವಳು ಕಲಿಸಿದ್ದು ಒಬ್ಬಳಿಗೇ.

“ಹೊತ್ತುಗೊತ್ತಿಲ್ದೆ ಬಾರಿಸ್ತಿದ್ದೆ ಅಮ್ಮ, ಮನೇಲಿ ಯಾರಿಗೂ ನಿದ್ದೇನೇ ಇರ್ಲಿಲ್ಲ…” ಮಗಳು ಇನ್ನೂ ಏನೇನೋ ಹೇಳುತ್ತಿದ್ದಳು. ತಾಯಿ ಕಿವಿಯನ್ನು ಅತ್ತ ಒಡ್ಡಲಿಲ್ಲ.