ಡಾಕ್ಟರು ಹೇಳಿದ್ದಾರಾ?

ಸಮೀಕ್ಷೆಯಲ್ಲಿ ಎಲ್ಲಿ ಕಾಯಿಲೆ ಹೆಚ್ಚು ಕಂಡೀತೋ ಅಲ್ಲಿಗೆ ಹೊಸ ಆಸ್ಪತ್ರೆ ಎಂದು ಸರ್ಕಾರ ಸಾರಿದ್ದೇ ತಡ, ಚಿಕ್ಕತಾಯಮ್ಮ ಗುಡ್ಡದ ಮೇಲಿನ ತನ್ನ ಊರನ್ನೆಲ್ಲ ಜಗಲಿಗೆ ಎಳೆದು ತಂದಳು. ಸೊಸೆಗೆ ಮೂರು ತಿಂಗಳು; ಡಾಕ್ಟರು ಇರುವುದು ಹದಿನೆಂಟು ಮೈಲಿ ಕೆಳಗೆ, ಪೇಟೆಯಲ್ಲಿ.

"ಕೆಮ್ಮೋರೆಲ್ಲ ಈಗ್ಲೇ ಕೆಮ್ರಪ್ಪಾ, ಅವ್ರು ಹೋದ್ಮೇಲೆ ಕೆಮ್ಮಿ ಏನು ಸುಖ?" ಎಂದು ತಾಕೀತು ಮಾಡಿದಳು.

ಸಮೀಕ್ಷೆಯ ಹೆಂಗಸು ಟ್ಯಾಬ್ ತೆರೆದಳು. "ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಯಾವತ್ತಾದರೂ ಡಾಕ್ಟರು ಹೇಳಿದ್ದಾರಾ?"

"ಡಾಕ್ಟ್ರು ಮಕನೇ ಕಂಡಿಲ್ಲ ಕನವ್ವ. ಈ ಕಾಲು ನೋಡು, ಕುಂಬಳಕಾಯಾಗವೆ."

"ಕಾಲಿಗೆ ಇದರಲ್ಲಿ ಜಾಗ ಇಲ್ಲಮ್ಮ. ಹೇಳಿದ್ದಾರಾ, ಇಲ್ವಾ?"

"ಇಲ್ಲ."

"ಬಿಪಿ? ಹೃದಯದ ಕಾಯಿಲೆ? ಕ್ಷಯ?"

"ಯಾರು ಬಂದು ಹೇಳಾರು ತಾಯಿ? ಇಲ್ಲ."

ಜಗಲಿಯ ಉದ್ದಕ್ಕೂ, ಕೆಮ್ಮಿನ ನಡುನಡುವೆ, ಎಲ್ಲರದೂ ಅದೇ ಉತ್ತರ.

ಎರಡು ತಿಂಗಳಿಗೆ ಜೀಪು ಬಂತು. ಇಳಿದ ಅಧಿಕಾರಿ ಚಿಕ್ಕತಾಯಮ್ಮನ ಕೊರಳಿಗೆ ದೊಡ್ಡದೊಂದು ಹಾರ ಹಾಕಿದ.

"ಆಸ್ಪತ್ರೆ ಯಾವಾಗ ಕಟ್ಟೀರಿ ಸ್ವಾಮಿ?"

"ನಿಮಗ್ಯಾಕಮ್ಮ ಆಸ್ಪತ್ರೆ? ಇಡೀ ಜಿಲ್ಲೇಲಿ ಒಬ್ಬ ರೋಗಿಯೂ ಇಲ್ಲದ ಊರು ನಿಮ್ಮದೊಂದೇ! ಆಸ್ಪತ್ರೇನ ಪೇಟೆಗೆ ಕೊಟ್ಟಾಯ್ತು. ಅಲ್ಲಿ ನಲವತ್ತು ಡಾಕ್ಟರಿದ್ದಾರೆ, ಪಾಪ, ಮನೆಮನೆಗೂ ಕಾಯಿಲೆ."